ಹಿಂದಿನ ಹಲಗೆಯ ಮೇಲಿನ ಪ್ರಾಸ

ತಾವರಗೇರಾ
೫ ನವೆಂಬರ್ ೨೦೨೩, ಭಾನುವಾರ

ಸಹನಾಳ ಅಪ್ಪನವರಿಗೆ,

ಇಲ್ಲಿ ನಾನು ಆರಾಮ. ಅಲ್ಲಿ ಲಾರಿ ಆರಾಮ ಇದೆ ಎಂದು ಮಗಳು ಹೇಳಿದಳು. ನೀವೂ ಅದರ ಆಸುಪಾಸಿನಲ್ಲೇ ಎಲ್ಲೋ ಆರಾಮ ಇರಬಹುದು. ಈ ಕಾಲದಲ್ಲಿ ಪತ್ರ ಯಾರು ಬರೆಯುತ್ತಾರೆ ಎಂದು ನಗಬೇಡಿ. ಫೋನ್ ಮಾಡಿದರೆ ನೀವು ಅದನ್ನು ಎಡಗಿವಿಗೆ ಹಿಡಿಯುತ್ತೀರಿ. ವರ್ಷಗಟ್ಟಲೆ ಇಂಜಿನ್ನಿನ ಮಗ್ಗುಲಲ್ಲಿ ಕೂತು ಕೆಡಿಸಿಕೊಂಡ ಆ ಕಿವಿಗೆ ಹೇಳುವುದೂ ಒಂದೇ, ಮೈಲಿಗಲ್ಲಿಗೆ ಹೇಳುವುದೂ ಒಂದೇ.

ಅವ್ವನ ಮೊಣಕಾಲು ನೋವು ಎಂದು ಹೇಳಿ ತವರಿಗೆ ಬಂದಿದ್ದೆನಲ್ಲ, ಅವ್ವನ ಮೊಣಕಾಲು ಗಟ್ಟಿಮುಟ್ಟಾಗಿವೆ. ನಿನ್ನೆ ಮಾಳಿಗೆ ಹತ್ತಿ ಮೆಣಸಿನಕಾಯಿ ಹರವಿ ಬಂದಳು. ನೋವು ಇರುವುದು ನನಗೆ, ಅದೂ ಮೊಣಕಾಲಿನಲ್ಲಲ್ಲ.

ಗಂಡನ ಲಾರಿ ಕಂಡರೆ ಮಹೇಶ್ವರಿಗೆ ಹೊಟ್ಟೆಕಿಚ್ಚು ಎಂದು ನಿಮ್ಮ ತಂಗಿ ನಮ್ಮೂರು ಕಾರಟಗಿಯ ತುಂಬ ಹೇಳುತ್ತಿದ್ದಾಳಂತೆ. ಪಾಪ, ಅವಳಿಗೆ ಅರ್ಧ ಮಾತ್ರ ಗೊತ್ತು. ಆ ಲಾರಿಯ ಮೇಲೆ ನನಗೆ ಕಿಚ್ಚಿಲ್ಲ. ಮೂಗಿಲ್ಲದ ಚಪ್ಪಟೆ ಮುಖ, ಕ್ಯಾಬಿನ್ನಿನ ಒಳಗೇ ಇಂಜಿನ್, ಮುಂದೆ ಎರಡು ಹೋಳಾದ ಗಾಜು. ೧೯೯೭ರಲ್ಲಿ ನೀವು ಕ್ಲೀನರ್ ಆಗಿ ಮೊದಲು ಹತ್ತಿದ್ದು ಇಂಥದ್ದೇ ಒಂದು ಗಾಡಿಯನ್ನು. ಹೊಸಪೇಟೆಯ ಗುಜರಿಯಲ್ಲಿ ಅಂಥದ್ದು ಕಂಡಾಗ ನೀವು ಮೂರು ದಿನ ಊಟ ಬಿಟ್ಟಿರಿ. ತಂದುಬಿಡಿ, ಅದು ಬರದೆ ನೀವು ಉಣ್ಣುವುದಿಲ್ಲ ಎಂದವಳು ನಾನು. ಗಂಗಾವತಿಯ ಬಡಿಗೇರರು ತೇಗದ ಕ್ಯಾಬಿನ್ ಕಟ್ಟುವಾಗ ಬಾಗಿಲಿಗೆ ನವಿಲು ಬೇಡ, ಗಿಳಿ ಇರಲಿ ಎಂದವಳೂ ನಾನೇ. ಇಂಜಿನ್ ಮುಚ್ಚಳ ಕಾದು ಕೂತವರಿಗೆ ಬಿಸಿ ತಗಲುತ್ತದೆ ಎಂದು ನನ್ನ ಹಳೆಯ ಸೀರೆಗಳನ್ನು ಹರಿದು ಅದಕ್ಕೊಂದು ಕೌದಿ ಹೊಲಿದು ಕೊಟ್ಟೆ. ಕಿಚ್ಚಿದ್ದವಳು ಕೌದಿ ಹೊಲಿಯುತ್ತಾಳೆಯೇ?

ಒಂದೇ ಒಂದು ಕೆಲಸ ನನಗೆ ಉಳಿದಿತ್ತು. ಮದುವೆಯಾದಾಗಿನಿಂದ ನಿಮ್ಮ ಎಲ್ಲ ಲಾರಿಗಳ ಹಿಂದಿನ ಹಲಗೆಗೂ ಸಾಲು ಬರೆದವಳು ನಾನು. ಕೊಪ್ಪಳದಲ್ಲಿ ಬಿ.ಎ. ಓದಿ ಕಲಿತ ಛಂದಸ್ಸೆಲ್ಲ ಮಡ್‌ಗಾರ್ಡಿನ ಮೇಲೆ ಖರ್ಚಾಗಿದೆ. ನಿಮ್ಮ ಮೊದಲ ಗಾಡಿಯದು ನೆನಪಿರಬೇಕು:

ಭಾಳ ಹತ್ತರ ಬರಬ್ಯಾಡ, ಆಗತೈತಿ ಡ್ಯಾಮೇಜು,
ಆಮ್ಯಾಲೆ ನನಗೂ ನಿನಗೂ ಒಂದ ಗ್ಯಾರೇಜು.

ಎರಡನೆಯದಕ್ಕೆ:

ಅವಸರ ಇದ್ರ ನೀ ಮುಂದ ಹೋಗೋ ಮಾರಾಯಾ,
ನನ್ನ ಬೆನ್ನ ಹತ್ತಿದ್ರ ಏನ್ ಐತಿ ಆದಾಯ?

ಕುಷ್ಟಗಿ ರಸ್ತೆಯಲ್ಲಿ ಪೊಲೀಸರು ಗಾಡಿ ನಿಲ್ಲಿಸಿ ಇದನ್ನು ಬರೆದುಕೊಂಡು ಹೋದರೆಂದು ನೀವೇ ಬಂದು ಹೇಳಿದ್ದಿರಿ. ಈ ಗುಜರಿ ಲಾರಿಗೂ ಸಾಲು ಕೇಳುತ್ತೀರೆಂದು ಆರು ತಿಂಗಳು ಕಾದೆ. ನೀವು ಕೇಳಲಿಲ್ಲ. ಮರೆತಿರಬೇಕು ಅಂದುಕೊಂಡೆ.

ಆಯುಧ ಪೂಜೆಯ ದಿನ ಗೊತ್ತಾಯಿತು. ಬಣ್ಣದ ಉಮರಸಾಬನ ಹತ್ತಿರದಿಂದ ಗಾಡಿ ಆಗ ತಾನೇ ಬಂದಿತ್ತು. ಆರತಿ ತಟ್ಟೆ ಹಿಡಿದು ಮುಂದಿನ ಗಾಲಿಗೆ ಕುಂಕುಮ ಇಟ್ಟೆ, ಹಿಂದಿನ ಗಾಲಿಗೆ ಇಟ್ಟೆ, ಸುತ್ತಿ ಹಿಂದೆ ಬಂದೆ. ಬೀಗರು, ಮಿಲ್ಲಿನವರು, ಓಣಿಯವರು ಎಲ್ಲರ ಮುಂದೆ ಓದಿದೆ:

ಎದಿಯೊಳಗ ಇಂಜಿನ್ನು, ಮುಖದಾಗ ಮೂಗಿಲ್ಲ,
ನಿನ್ನ ಬಿಟ್ಟು ನನ್ನ ದಾರಿ ಎಲ್ಲಿಗೂ ಸಾಗಿಲ್ಲ.

ಸಾಲು ಕೆಟ್ಟದಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ಆದರೆ ಮೂಗಿಲ್ಲ, ಸಾಗಿಲ್ಲ! ಆ ಲಾರಿಯ ಮುಖವನ್ನು ದಿನಾ ನೋಡಿದವಳು ನಾನು. ನನಗೆ ಯಾಕೆ ಹೊಳೆಯಲಿಲ್ಲ? ಪಕ್ಕದಲ್ಲಿದ್ದ ಸಹನಾ ಮೆಲ್ಲಗೆ, "ಇದು ನಿಂದಲ್ಲ ಬಿಡವ್ವಾ, ಇದರಾಗ ಯಾರಿಗೂ ಬೈದಿಲ್ಲ" ಅಂದಳು. ಸ್ವಂತ ಮಗಳು.

ಉಮರಸಾಬನನ್ನು ಅಲ್ಲೇ ಹಿಡಿದು ಕೇಳಿದೆ. "ಅಕ್ಕಾರ, ನಾ ಬಣ್ಣದಾಂವ. ಕೊಟ್ಟಿದ್ದು ಬರದೇನ್ರಿ. ಅಗೋ, ಬರದಾವ್ರು ಒಳಗ ಅದಾರ ನೋಡ್ರಿ" ಎಂದು ಕ್ಯಾಬಿನ್ ತೋರಿಸಿದ.

ಒಳಗೆ ಸುನಿತಾ ಕೂತಿದ್ದಳು. ಹಳೆಯ ಲಾರಿಗಳ ವಿಡಿಯೊ ಮಾಡಿ ಹಾಕುತ್ತಾಳೆಂದು ನೀವು ಮನೆಗೆ ಕರೆದು ಉಪ್ಪಿಟ್ಟು ತಿನ್ನಿಸಿದ ಸುನಿತಾ. ಕೊಪ್ಪಳದಲ್ಲಿ ಕನ್ನಡ ಪಾಠ ಹೇಳುವ ಸುನಿತಾ. ಎಂ.ಎ. ಅಂತೆ. ನನಗಿಂತ ಎರಡು ವರ್ಷ ಹೆಚ್ಚಿಗೆ ಪ್ರಾಸ ಕಲಿತಿದ್ದಾಳೆ. ಇಂಜಿನ್ನಿನ ಮೇಲೆ, ನನ್ನ ಕೌದಿಯ ಮೇಲೆ, ಅದರಲ್ಲೂ ನನ್ನ ಸೀಮಂತದ ಹಸಿರು ಸೀರೆಯ ತುಂಡಿನ ಮೇಲೆ ಸರಿಯಾಗಿ ಕೂತು, "ಅಣ್ಣಾರ, ಇದರ ಮುಖ ಭಾಳ ಮುದ್ದು ಐತ್ರಿ" ಎನ್ನುತ್ತಿದ್ದಳು. ಅಣ್ಣಾರ ಅಂದಿದ್ದನ್ನು ಲೆಕ್ಕಕ್ಕೆ ತೆಗೆದುಕೊಂಡಿದ್ದೇನೆ. ಆದರೂ ನೀವು ಹಲ್ಲು ತೋರಿಸಿದ್ದು ಅಣ್ಣನ ಹಾಗೆ ಇರಲಿಲ್ಲ. ಬಹುಮಾನ ಬಂದ ಎತ್ತಿನ ಮಾಲೀಕನ ಹಾಗೆ ಇತ್ತು. ನಾನು ಆರತಿ ಬೆಳಗಿ ಮುಗಿಸಿ, ತಟ್ಟೆ ಒಳಗಿಟ್ಟು, ಸಂಜೆಯ ಬಸ್ಸು ಹತ್ತಿದೆ.

ಹೋದ ಭಾನುವಾರ ನೀವು ಬಂದಿರಿ. ಕರೆಯಲು ಬಂದವರು ಮೆಲ್ಲಗೆ ಮಾತಾಡಬೇಕು. ನೀವೋ ಅಂಗಳದಲ್ಲಿ ಲಾರಿ ನಿಲ್ಲಿಸಿ, ಇಂಜಿನ್ ಕೂಡ ಬಂದ್ ಮಾಡದೆ, ಕಿಟಕಿಯಿಂದಲೇ ಇಡೀ ಓಣಿಗೆ ಕೇಳುವ ಹಾಗೆ ಕೂಗಿದಿರಿ: "ಮಹೇಶೀ, ನಿನ್ನ ಸಾಲು ಛಲೋನ ಇರತಾವ. ಆದ್ರ ಎಲ್ಲಾ ದೂರ ಸರಿ ಅಂತಾವ. ದೂರ ಸರಿ, ದೂರ ಸರಿ ಅಂತ ಬೆನ್ನಿಗೆ ಕಟಗೊಂಡ ಇಷ್ಟು ವರ್ಷ ಓಡಾಡೀನಿ. ಇದೊಂದು ಗಾಡಿ ಹತ್ತರ ಕರೀಲಿ ಅನಿಸ್ತು. ಆ ಹುಡುಗಿಗೆ ನಿನ್ನ ಬಗ್ಗೆನ ಹೇಳಿದ್ನಿ, ಆಕಿ ಬರಕೊಟ್ಟಳು!"

ನಾನು ಬಾಗಿಲು ಬಿಟ್ಟು ಇಳಿಯಲಿಲ್ಲ. ಎದುರುಮನೆಯ ದುರಗಮ್ಮ ಕಟ್ಟೆಯ ಮೇಲಿಂದ, "ಯವ್ವಾ, ಇಷ್ಟು ಒದರಿದ ಮ್ಯಾಲೂ ಹತ್ತಂಗಿಲ್ಲೇನ? ಒಲ್ಲಿ ಅಂದ್ರ ಹೇಳು, ನಾನ ಹತ್ತತೀನಿ" ಅಂದಳು. ನೀವು ಚಹಾ ಕುಡಿದು ಹೊರಟುಹೋದಿರಿ. ಅವ್ವ ಆವತ್ತು ನನ್ನ ಜೊತೆ ಮಾತಾಡಲಿಲ್ಲ.

ಒಂದು ವಾರ ಯೋಚಿಸಿದೆ. ಆ ಸಾಲಿನಲ್ಲಿರುವ "ನಿನ್ನ" ನಾನೇ ಎಂದರೆ ನನ್ನ ಕಿಚ್ಚು ಆರಬೇಕಿತ್ತು. ಇನ್ನೂ ಭುಗಿಲೆಂದಿತು. ನನ್ನನ್ನು ಬಿಟ್ಟು ನಿಮ್ಮ ದಾರಿ ಸಾಗಿಲ್ಲ ಎಂಬ ಸಂಗತಿ ನನಗೆ ಗೊತ್ತಾಗುವ ಮೊದಲು ಅವಳಿಗೆ ಗೊತ್ತಾಯಿತಲ್ಲ! ನಿಮಗೆ ಕೇಳಿಸಲಿ ಎಂದು ಇಷ್ಟು ವರ್ಷ ನಿಮ್ಮ ಬಲಕ್ಕೆ ನಡೆದವಳು ನಾನು. ಅವಳು ಎಡಕ್ಕೆ ಕೂತು, ಇಂಜಿನ್ನಿನ ಸದ್ದಿನಲ್ಲಿ ಹೇಳಿದ ಎರಡು ಸಾಲು ನಿಮಗೆ ಅಕ್ಷರ ಬಿಡದೆ ಕೇಳಿಸಿತು. ವೈದ್ಯರಿಗೆ ತೋರಿಸಬೇಕಾದ ಕಿವಿ ಯಾವುದೆಂದು ನನಗೀಗ ಅನುಮಾನ.

ಇನ್ನೊಂದನ್ನೂ ಯೋಚಿಸಿದೆ. ದೂರ ಸರಿ ಎಂದು ಬರೆದದ್ದು ನಿಜ. ನೀವು ರಾತ್ರಿ ಭತ್ತ ಹೇರಿಕೊಂಡು ಹೋದಾಗೆಲ್ಲ ಹಿಂದಿನಿಂದ ಯಾವ ಗಾಡಿ ಬಂದು ಗುದ್ದುತ್ತದೋ ಎಂದು ನನಗೆ ನಿದ್ದೆ ಬರುತ್ತಿರಲಿಲ್ಲ. ದೂರ ಸರಿ ಎಂದು ನಾನು ಹೇಳಿದ್ದು ಅವರಿಗೆ. ನೀವು ಅದನ್ನು ನಿಮಗೇ ಎಂದು ಓದಿಕೊಂಡಿರಿ. ಲಾರಿಯ ಹಿಂದೆ ಬರೆದದ್ದನ್ನು ಅದರ ಡ್ರೈವರನೇ ಓದುತ್ತಾನೆಂದು ಯಾರಿಗೆ ಗೊತ್ತಿತ್ತು?

ಆದ್ದರಿಂದ ಹೀಗೆ ಮಾಡೋಣ. ಹಿಂದಿನ ಸಾಲು ಅಳಿಸಬೇಡಿ, ಅವಳದೇ ಇರಲಿ. ಲಾರಿ ದಾಟಿ ಹೋದ ಮೇಲೆ ಓದುವ ಸಾಲು ಅದು. ಬರುವಾಗ ಓದುವುದು ನನ್ನದಿರಲಿ. ಬೇರೆ ಲಾರಿಗಳಿಗೆ ಮೂಗು ಇರುವ ಕಡೆ, ಗಾಜಿನ ಕೆಳಗೆ, ಇದಕ್ಕೆ ಒಂದು ಗೇಣು ಅಗಲದ ಪಟ್ಟಿ ಖಾಲಿ ಇದೆ. ಉಮರಸಾಬನಿಗೆ ಫೋನ್ ಮಾಡಿದ್ದೆ. "ಮುಂದ ದೇವರ ಹೆಸರು ಬರೀತಾರ್ರಿ ಅಕ್ಕಾರ, ಹಿಂತಾದ್ದು ಯಾರೂ ಬರಸಿಲ್ಲ" ಅಂದ. ದೇವರು ಗಾಜಿನ ಮೇಲಿರಲಿ, ನಾನು ಕೆಳಗಿರುತ್ತೇನೆ ಅಂದೆ. ಗುರುವಾರ ಗಾಡಿ ತರಬೇಕಂತೆ. ಸಾಲು ಇದು:

ಕಾಯತಾ ನಿಂತಾಕಿ, ಬಾಗಲದಾಗ ನಿಂದರಬ್ಯಾಡ,
ಹತ್ತರ ಬಾ, ಎಡಕ ಹತ್ತು, ಯಾರು ಬಂದಾರ ನೋಡ.

ಮೂಗಿಲ್ಲ, ಸಾಗಿಲ್ಲ ಎಂಬುದರಷ್ಟು ಗಟ್ಟಿ ಪ್ರಾಸವಲ್ಲ, ನನಗೂ ಗೊತ್ತು. ಬೈಯದೆ ಬರೆದು ರೂಢಿಯಿಲ್ಲ.

ಬಣ್ಣ ಒಣಗಿದ ಮೇಲೆ ಶನಿವಾರ ಬನ್ನಿ. ಮೋಟರ್ ಸೈಕಲ್ ಬೇಡ, ಅದರಲ್ಲೇ ಬನ್ನಿ. ದೀಪಾವಳಿ ಮುಗಿದು ಕೊಪ್ಪಳದಲ್ಲಿ ಹಳೆಯ ಲಾರಿಗಳೆಲ್ಲ ಸೇರುವ ದಿನ ಎಡಗಡೆಯ ಸೀಟಿನಲ್ಲಿ ನಾನು ಕೂರುತ್ತೇನೆ. ಸುನಿತಾಳೂ ಬರಲಿ. ಅವಳಿಗೆ ಕ್ಯಾಮೆರಾ ಹಿಡಿಯಲು ಹಿಂದಿನ ಬಾಡಿಯಲ್ಲಿ ಬೇಕಾದಷ್ಟು ಗಾಳಿ, ಬೆಳಕು ಇದೆ.

ನಿಮ್ಮ,
ಮಹೇಶ್ವರಿ

ಮರೆತ ಮಾತು: ಗಾಡಿ ಮನೆ ಮುಂದೆ ನಿಲ್ಲಿಸಿದಾಗ ಮೇಲೆ ತಾಡಪತ್ರಿ ಹೊದಿಸುತ್ತೀರಲ್ಲ, ಹಿಂದುಗಡೆ ಒಂದು ಮೊಳ ಹೆಚ್ಚಿಗೆ ಇಳಿಬಿಡಿ. ಹೊರಟಾಗಲೂ ಅದು ಹಾಗೇ ಇರಲಿ. ಬೇರೇನಿಲ್ಲ, ಬಿಸಿಲಿಗೆ ಆ ಹುಡುಗಿಯ ಅಕ್ಷರ ಮಾಸಿದರೆ ನನಗೇ ಕೆಟ್ಟದೆನಿಸುತ್ತದೆ.