ಕೊನೆಯ ಕಂತೆ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಸೊಂಟನೋವು ಕಡಿಮೆಯಾಯಿತಾ? ಹಡಗಿನ ಅಡುಗೆಯವನು ಇನ್ನೂ ಉಪ್ಪು ಮರೆಯುತ್ತಾನಾ? ಈ ಕಾಗದವನ್ನು ಮುಂದಿನ ಬಂದರಿನಲ್ಲಿ ನಿನಗೆ ತಲುಪಿಸುತ್ತೇವೆ ಎಂದು ನಿಮ್ಮ ಕಚೇರಿಯವರು ಹೇಳಿದ್ದಾರೆ. ನಾನು ಚೆನ್ನಾಗಿದ್ದೇನೆ ಎಂದು ಬರೆಯುವುದು ರೂಢಿ, ಬರೆದಿದ್ದೇನೆ, ನಂಬಬೇಡ.

ಅಪ್ಪನನ್ನು ಆಸ್ಪತ್ರೆಯಿಂದ ಮನೆಗೆ ಕರೆತಂದೆ. ಡಾಕ್ಟರು ನೋವಿಗೆ ಮಾತ್ರೆ ಬರೆದುಕೊಟ್ಟು, "ಇನ್ನು ಅವರಿಗೆ ಏನಿಷ್ಟವೋ ಅದು ಮಾಡಿ" ಅಂದರು. ಮಂಚವನ್ನು ಮುಂದಿನ ಕೋಣೆಯಲ್ಲೇ, ಅವರ ಬೈಂಡಿಂಗ್ ಮೇಜಿನ ಪಕ್ಕ ಹಾಕಿದ್ದೇನೆ. ಅಂಟಿನ ವಾಸನೆ ಇಲ್ಲದಿದ್ದರೆ ನಿದ್ದೆ ಬರುವುದಿಲ್ಲವಂತೆ ಮಹಾರಾಯರಿಗೆ! ಊಟ ಸೇರುತ್ತಿಲ್ಲ. ಮಗ್ಗುಲು ಬದಲಿಸಲೂ ನಾನೇ ಬೇಕು. ಎತ್ತಿದರೆ ಎಷ್ಟು ಹಗುರ ಗೊತ್ತಾ, ಅಳು ಬಂದುಬಿಡುತ್ತದೆ.

ಏನಿಷ್ಟ ಅಂತ ಕೇಳಿದೆ. "ಜೀವಮಾನವಿಡೀ ಸೂಜಿಗೆ ಸಿಕ್ಕ ಪುಟ ಓದಿದ್ದೇ ಬಂತು. ಕಥೆ ರುಚಿ ಹತ್ತೋಷ್ಟ್ರಲ್ಲಿ ಗಿರಾಕಿ ಬಂದು ಪುಸ್ತಕ ಎತ್ಕೊಂಡು ಹೋಗ್ತಿದ್ದ. ಒಂದಾದ್ರೂ ಪೂರ್ತಿ ಕೇಳ್ಬೇಕು ಕಣಮ್ಮಾ" ಅಂದರು. ನಿನಗೆ ಬಾಯಿಪಾಠವಾಗಿದ್ದ ಆ ದಪ್ಪ ಪತ್ತೇದಾರಿ ಕಾದಂಬರಿ ಇದೆಯಲ್ಲ, ಅಪ್ಪನೇ ಹೊಲಿದು ರಟ್ಟು ಹಾಕಿಕೊಟ್ಟದ್ದು, ಅದನ್ನೇ ಹಿಡಿದೆ. ಓದುವಾಗ ಅವರು ನರಳುವುದಿಲ್ಲ ಅಣ್ಣಾ. ವಕೀಲನ ಮೇಲೆ ಅನುಮಾನಪಡುತ್ತಾರೆ, ಪೊಲೀಸರನ್ನು ಬೈಯುತ್ತಾರೆ. ನನಗೂ ಅಷ್ಟು ಹೊತ್ತು ಸಂಕಟ ಮರೆತುಹೋಗುತ್ತದೆ. ಮುಚ್ಚಿಟ್ಟರೆ ಮತ್ತೆ ಅದೇ ಮಂಚ, ಅದೇ ಉಬ್ಬಸ.

ಆದರೆ ಓದಿದಷ್ಟೂ ಪುಟ ಕಡಿಮೆಯಾಗುತ್ತವಲ್ಲ! ಇದು ಮುಗಿದರೆ ಅಪ್ಪನೂ ಮುಗಿದುಹೋಗುತ್ತಾರೆ ಅಂತ ಒಂದು ಹುಚ್ಚು ಭಯ ಹಿಡಿಯಿತು. ಮೊನ್ನೆ ಮೆಲ್ಲಗೆ ಹಿಂದಕ್ಕೆ ತಿರುಗಿಸಿ, ಓದಿದ್ದನ್ನೇ ಓದತೊಡಗಿದೆ. ಅಪ್ಪ ಕಣ್ಣು ಮುಚ್ಚಿಕೊಂಡೇ, "ಯಾವನಮ್ಮಾ ಈ ಬೈಂಡರು? ಒಂದೇ ಹಾಳೆ ಕಂತೆ ಎರಡು ಸಲ ಹೊಲಿದಿದ್ದಾನೆ!" ಅಂದರು. ನಗಲು ಹೋಗಿ ಕೆಮ್ಮು ಹತ್ತಿತು, ನಿಲ್ಲಲೇ ಇಲ್ಲ. ಬೆನ್ನು ನೀವುತ್ತಾ ಕೂತೆ, ಇನ್ನೇನು ಮಾಡಲಿ? ಸುಧಾರಿಸಿಕೊಂಡ ಮೇಲೆ ಕೈ ಹಿಡಿದು, "ನೀನು ನಿಲ್ಲಿಸಿದ್ರೆ ನಾನು ನಿಲ್ತೀನಾ? ಓದು ಪುಟ್ಟಿ" ಅಂದರು. ಓದುತ್ತಿದ್ದೇನೆ.

ರಜೆ ಸಿಕ್ಕರೆ ನೋಡೋಣ ಅಂತ ಬರೆದಿದ್ದೀಯ. ನೋಡೋಣವಂತೆ! ಚೆನ್ನಾಗಿ ಬೈಯಬೇಕು ಅನ್ನಿಸುತ್ತದೆ, ಆದರೆ ಸಮುದ್ರದ ಮಧ್ಯೆ ನೀನಾದರೂ ಏನು ಮಾಡುತ್ತೀಯ, ಪಾಪ. ಹೊತ್ತಿಗೆ ಸರಿಯಾಗಿ ಊಟ ಮಾಡು. ಅಪ್ಪ ನಿನಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ.

ನಿನ್ನ ತಂಗಿ,
ಪುಟ್ಟಿ

ಮರೆತೇಬಿಟ್ಟಿದ್ದೆ ನೋಡು: ಲಕೋಟೆಯಲ್ಲಿರುವ ಹಾಳೆಗಳು ಆ ಕಾದಂಬರಿಯ ಕೊನೆಯ ಕಂತೆ. ಇವತ್ತು ಬೆಳಿಗ್ಗೆ ಅಪ್ಪ ನನ್ನ ಕೈಯಿಂದಲೇ ದಾರ ಕತ್ತರಿಸಿ ತೆಗೆಸಿದರು. "ಅವನಿಗೆ ಕಳಿಸು. ಕೊನೆಗೇನಾಯ್ತು ಅಂತ ಬರೆದು ತಿಳ್ಸೋದೆಲ್ಲ ಬೇಡ, ಬಂದು ಓದ್ಲಿ" ಅಂದರು. ಇಲ್ಲಿ ಉಳಿದಿರುವುದು ಸ್ವಲ್ಪವೇ ಪುಟ, ಎಷ್ಟು ನಿಧಾನವಾಗಿ ಓದಿದರೂ ಮುಗಿದೇಹೋಗುತ್ತದೆ. ಬೇಗ ತಾ ಅಣ್ಣಾ. ತಡವಾದರೂ ತಾ. ಮಂಚ ಖಾಲಿಯಿದ್ದರೂ ಅದರ ಪಕ್ಕದಲ್ಲೇ ಕೂತು ಗಟ್ಟಿಯಾಗಿ ಓದು. ಕೊಂದವರು ಯಾರೆಂದು ನನಗೂ ಗೊತ್ತಿಲ್ಲ.