ಸುಣ್ಣ ಬಳಿದ ಬಿರುಕು

ಬೆಟ್ಟಪ್ರದೇಶಗಳ ಹವಾಮಾನ ಅಪಾಯ ಅಂದಾಜು ಮಾಡುವ ಮಾನ್ಯ ಅಧಿಕಾರಿಗಳೇ,

ನಮ್ಮ ಗುಡ್ಡಕ್ಕೆ ನೀವು ‘ಕಡಿಮೆ ಅಪಾಯ’ ಎಂದು ಮೊಹರು ಒತ್ತಿದ್ದೀರಿ. ಆ ಗುಡ್ಡದ ಮೇಲಿನ ಮನೆಯಲ್ಲಿ ನನ್ನ ತಾಯಿ ಪಾರ್ಶ್ವವಾಯು ಬಡಿದು ಮಲಗಿದ್ದಾಳೆ. ಅವಳ ಮಂಚಕ್ಕೆ ತಾಗಿದ ಗೋಡೆಯ ಬಿರುಕಿನಲ್ಲಿ ನನ್ನ ಅಂಗೈ ತೂರುತ್ತದೆ. ಇದು ಕಡಿಮೆಯಾದರೆ ಹೆಚ್ಚು ಎಂದರೆ ಎಷ್ಟು ಸ್ವಾಮಿ?

ನಿಮ್ಮ ತಂಡ ನೆಂಟರ ಹಾಗೆ ಮೊದಲೇ ಹೇಳಿ ಕಳಿಸಿ ಬಂತು. ದೊಡ್ಡವರು ಬರುತ್ತಾರೆಂದು ನಮ್ಮತ್ತಿಗೆ ಬಿರುಕಿಗೆ ಗಾರೆ ಮೆತ್ತಿ ಸುಣ್ಣ ಬಳಿದಳು. ಅವಳೊಬ್ಬಳೇ ಅಲ್ಲ, ಗುಡ್ಡದ ಮೇಲಿನ ಆ ಮನೆಸಾಲಿನ ಹೆಂಗಸರೆಲ್ಲ ಬಳಿದರು. ನಾನು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಮುಂದಿದ್ದೆ; ಅಲ್ಲಿದ್ದಿದ್ದರೆ ಬಕೆಟ್ ಕಿತ್ತುಕೊಳ್ಳುತ್ತಿದ್ದೆ. ಆಮೇಲೆ ಬೈದರೆ, “ಸುಮ್ನಿರೇ, ಮನೆ ನೆಟ್ಟಗೆ ಇಟ್ಕೊಳ್ಳೋಕೂ ಬರಲ್ಲ ಇವಳಿಗೆ ಅಂತ ಆಡ್ಕೊಳ್ಳಲ್ವಾ ಅವ್ರು?” ಎಂದಳು. ಅವಳದು ಮರ್ಯಾದೆಯ ಭಯ, ಒಪ್ಪಿದೆ. ನಿಮ್ಮವರಿಗೇನಾಗಿತ್ತು? “ಎಷ್ಟು ಚೆನ್ನಾಗಿ ಇಟ್ಕೊಂಡಿದ್ದೀರಮ್ಮ ಮನೇನ!” ಎಂದು ಹೊಗಳಿ, ‘ಬಿರುಕುಗಳಿಲ್ಲ’ ಎಂದು ಬರೆದುಕೊಂಡು ಹೋದರು. ಗೋಡೆಗೊಮ್ಮೆ ಬೆರಳೊತ್ತಿದ್ದರೆ ಹಸಿ ಸುಣ್ಣ ಅಂಟುತ್ತಿತ್ತು. ಯಾರೂ ಒತ್ತಲಿಲ್ಲ.

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆಯನ್ನು ತಮ್ಮ ಇಲಾಖೆ ವೈಜ್ಞಾನಿಕ ವಿಧಾನವನ್ನಾಗಿ ಅಂಗೀಕರಿಸಿದಂತಿದೆ. ಉಪಗ್ರಹದಿಂದ ಇಳಿಜಾರು ಅಳೆದಿರಿ. ತಿಂಗಳಿಡೀ ಸುರಿಯುತ್ತಿದ್ದ ಮಳೆ ಈಗ ಒಂದೇ ಮಧ್ಯಾಹ್ನ ಸುರಿದು ಹೋಗುತ್ತದೆಂದು ನೀವೇ ವರದಿಯಲ್ಲಿ ಬರೆದಿರಿ. ಆದರೆ ಮಂಚದ ಮೇಲಿದ್ದವಳನ್ನು “ಅಮ್ಮಾ, ಗುಡ್ಡ ಜಾರಿದ್ರೆ ನೀವೇನ್ ಮಾಡ್ತೀರಿ?” ಎಂದು ಒಬ್ಬರಾದರೂ ಕೇಳಿದಿರಾ? ಓಡಬಲ್ಲವನಿಗೂ ಏಳಲಾರದವಳಿಗೂ ಅಪಾಯ ಒಂದೇ ಆಗುತ್ತದೆಯೇ?

ಕಳೆದ ಮಳೆಗೆ ಗಾರೆ ಉದುರಿ ಬಿರುಕು ಬಾಯಿ ಬಿಟ್ಟಿತು. ನಿಮ್ಮ ಕಚೇರಿಗೆ ಬಂದೆ. “ಮರುಪರಿಶೀಲನೆ ಐದು ವರ್ಷಕ್ಕೊಮ್ಮೆ ಮೇಡಂ, ಅಲ್ಲೀವರೆಗೆ ಸ್ವಲ್ಪ ಹುಷಾರಾಗಿರಿ” ಎಂದರು ಗುಮಾಸ್ತರು. ಆಹಾ! ಆ ಬುದ್ಧಿಮಾತನ್ನು ಗುಡ್ಡಕ್ಕೂ ಹೇಳಿ ಬನ್ನಿ. ತಾಯಿಯನ್ನು ನನ್ನಲ್ಲಿಗೆ ಕರೆತರಲೇ ಎಂದರೆ ನಾನಿರುವುದೂ ಅದೇ ಗುಡ್ಡದ ಬುಡದಲ್ಲಿ.

ನನ್ನ ಬೇಡಿಕೆ ಇಷ್ಟೇ. ಆ ಮೊಹರನ್ನು ಅಳಿಸಿ. ಮುಂದಿನ ಮಳೆಗೆ ಮೊದಲು ಆ ಸಾಲಿನವರಿಗೆ ಗಟ್ಟಿ ನೆಲದ ಮೇಲೆ ಸೂರು ಕೊಡಿ. ನಂಬಿಕೆ ಬಾರದಿದ್ದರೆ ಹೇಳದೆ ಕೇಳದೆ ಬಂದು ನೋಡಿ. ಬಾಗಿಲು ತಟ್ಟುವ ಶ್ರಮವೂ ತಮಗಿಲ್ಲ. ಗುಡ್ಡ ಜಾರಿದರೆ ಮಂಚವನ್ನು ಹೊರಗೆ ಸಾಗಿಸಲು ಬಾಗಿಲು ಅಡ್ಡ ಬರುತ್ತದೆಂದು ಅಣ್ಣ ಅದನ್ನು ಕಳಚಿಟ್ಟಿದ್ದಾನೆ. ಈ ಚಳಿಯಲ್ಲಿ ನಮ್ಮಮ್ಮ ಬಾಗಿಲಿಲ್ಲದ ಮನೆಯಲ್ಲಿ ಮಲಗಿದ್ದಾಳೆ.

ಇಂತಿ,
ತಮ್ಮ ವರದಿಯ ಪ್ರಕಾರ ಸುರಕ್ಷಿತಳಾಗಿರುವ
ಒಬ್ಬ ದರ್ಜಿ