ಹೊಳೆಗೇ ಬಿಟ್ಟ ನೀರು

ಜೂನ್ 28
ಹಸುಗಳಿಗೆ ಉಪ್ಪಿನ ಗಡ್ಡೆ. ಅಪ್ಪನಿಗೆ ಓಟ್ಸ್ ಗಂಜಿ, ಮಾತ್ರೆ. ಆಮೇಲೆ ಹುಲ್ಲುಗಾವಲಿನ ಕಾಲುವೆಯ ತೂಬು ಮುಚ್ಚಿದೆ. ಈ ಬೇಸಿಗೆ ಹೊಳೆ ಬತ್ತದಿರಲೆಂದು ನಮ್ಮ ಪಾಲಿನ ನೀರು ಹೊಳೆಯಲ್ಲೇ ಹರಿಯಲಿ. ಕೊಲೊರಾಡೊದ ಹೊಸ ಕಾನೂನು — ಸ್ವಂತ ಇಚ್ಛೆಯಿಂದ ಹೊಳೆಗೆ ಬಿಟ್ಟರೆ ನೀರಿನ ಹಕ್ಕು ಹೋಗುವುದಿಲ್ಲ. ಅಪ್ಪ ನಂಬಲಿಲ್ಲ.
"ನಮ್ಮಪ್ಪನ ಹಕ್ಕೊಂದು ಹಾಗೇ ಹೋಯ್ತು, ಲೆನೋರಾ. ಹತ್ತು ವರ್ಷ ಬಳಸ್ಲಿಲ್ಲ ಅಂತ ಕೋರ್ಟ್ ಕಿತ್ಕೊಳ್ತು."

ಜುಲೈ 2
ತೂಬು ತೆರೆದಿದೆ! ಹ್ಯಾಸ್ಕೆಲ್‌ನದೇ ಕೆಲಸ. ಪಕ್ಕದ ಜಮೀನಿನವನು. ನಮ್ಮ ಹುಲ್ಲುಗಾವಲಿನಿಂದ ಸೋರುವ ನೀರೇ ಅವನ ಮೇವಿಗೆ ಆಧಾರ. ಮತ್ತೆ ಮುಚ್ಚಿ ಬಂದೆ.

ಜುಲೈ 5
ತೂಬು ತೆರೆದಿದ್ದು ಇದು ಮೂರನೇ ಸಲ. ಪೇಟೆಯ ಅಂಗಡಿಯಲ್ಲಿ, ಏಳೆಂಟು ಜನರೆದುರು, ಹ್ಯಾಸ್ಕೆಲ್‌ನನ್ನು ಕಳ್ಳ ಎಂದೆ. ಟೋಪಿ ತೆಗೆದ. ನೆಲ ನೋಡಿದ. "ಆಯ್ತು, ಲೆನೋರಾ" ಅಂದ, ಅಷ್ಟೇ. ಒಪ್ಪಿಕೊಂಡ ಹಾಗೆ.

ಜುಲೈ 6, ಬೆಳಗ್ಗೆ 6.40
ಪೊದೆಯ ಹಿಂದೆ ಕಾದಿದ್ದೆ. ಹ್ಯಾಸ್ಕೆಲ್ ಬರಲಿಲ್ಲ. ಬಂದದ್ದು ಅಪ್ಪ. ಎಂಬತ್ತಾರು ವರ್ಷ. ವಾಕರ್ ಇಲ್ಲದೆ ಬಚ್ಚಲಿಗೂ ಹೋಗದವರು... ಬೇಲಿಗೂಟ ಹಿಡಿದು ಹಿಡಿದು ಅರ್ಧ ಮೈಲಿ. ಮಂಡಿಯವರೆಗೆ ನೀರಿಗಿಳಿದು, ತೂಬಿನ ಚಕ್ರಕ್ಕೆ ಎದೆಯೊಡ್ಡಿ ತಿರುಗಿಸಿದರು. ಪೊದೆಯಿಂದ ಎದ್ದು ಧಾವಿಸಿದೆ.
ಕೈಹಿಡಿದು ಮೇಲೆತ್ತಿದೆ. "ನಾನು ಹೋದ್ಮೇಲೆ ನಿನ್ ಕೈಲಿ ಏನುಳಿಯುತ್ತೆ?" ಅಂದರು.

ಜುಲೈ 7
ಹ್ಯಾಸ್ಕೆಲ್ ಮನೆಗೆ ಹೋದೆ. ಅವನಿಗೆ ಗೊತ್ತಿತ್ತು. ನಾನು ದನಗಳ ಹತ್ತಿರವಿದ್ದಾಗ ಎರಡು ಸಲ ಅವನೇ ಅಪ್ಪನನ್ನು ಟ್ರಕ್ಕಿನಲ್ಲಿ ಮನೆಗೆ ಬಿಟ್ಟಿದ್ದನಂತೆ.
"ಅಂಗಡೀಲಿ ಯಾಕೆ ಹೇಳ್ಲಿಲ್ಲ?"
"ಅಷ್ಟು ಜನರ ಮುಂದೆ ನಿಮ್ಮಪ್ಪನ ಹೆಸರು ಎತ್ಬೇಕಿತ್ತಾ?"
 

ಜುಲೈ 12
ಅದೇ ಅಂಗಡಿ, ಅದೇ ಜನ. ಕ್ಷಮೆ ಕೇಳಿದೆ. ಸಂಜೆ ಅಪ್ಪ ಕಾನೂನಿನ ಕಾಗದ ಮೂರು ಸಲ ಗಟ್ಟಿಯಾಗಿ ಓದಿಸಿದರು.
"ರಾಜ್ಯದ ಮುದ್ರೆ ಇದ್ಯಾ?"
"ಇದೆ ಅಪ್ಪ."
"ತೋರ್ಸು."
ಬೆರಳಿನಿಂದ ಸವರಿ ನೋಡಿದರು.

ಜುಲೈ 14
ಎದ್ದಾಗ ಅಪ್ಪನ ಹಾಸಿಗೆ ಖಾಲಿ. ಓಡಿದೆ. ತೂಬು ಮುಚ್ಚಿಯೇ ಇತ್ತು. ಅಪ್ಪ ಹೊಳೆಯ ದಂಡೆಯಲ್ಲಿ ಕೂತಿದ್ದರು. ಪಕ್ಕದಲ್ಲಿ ಹ್ಯಾಸ್ಕೆಲ್, ಫ್ಲಾಸ್ಕಿನ ಕಾಫಿ.
ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಕೈಯೆತ್ತಿದರು. "ಸುಮ್ನಿರು, ಕೇಳು. ಜುಲೈನಲ್ಲಿ ಈ ಹೊಳೆಗೆ ಸದ್ದಿರುತ್ತೆ ಅಂತ ಗೊತ್ತೇ ಇರ್ಲಿಲ್ಲ."
ಕೊನೆಯ ಹನಿಯನ್ನೂ ಕಾಲುವೆಗೆ ತಿರುಗಿಸಿಕೊಂಡೇ ಬದುಕಿದವರು. ಕೂತೆ. ನಾನೂ ಇಲ್ಲೇ ಹುಟ್ಟಿದವಳು. ಐವತ್ತೆಂಟು ಬೇಸಿಗೆ. ಒಂದು ಸಲವೂ ಈ ಸದ್ದನ್ನು —